ಅಡಿಕೆ ಮಂಡಿಯ ಲೆಕ್ಕಕ್ಕೆ ಗುಂಪು ಕಟ್ಟಿದ್ದು: ನನ್ನ ಅನುಭವ

ಹುಡುಕಿದಾಗ ಸಿಕ್ಕ ಸಾಲುಗಳನ್ನು ಗುಂಪು ಮಾಡಿ ತೋರಿಸಲು ಡೇಟಾಬೇಸ್‌ಗೆ ಗ್ರೂಪ್ ಬೈ (ಗುಂಪು ಮಾಡು) ಹಾಕಿ, ಆರ್ಡರ್ ಬೈ (ಸರದಿಯಲ್ಲಿ ಇಡು) ಹಾಕಿದರೆ ಮುಗಿಯಿತಲ್ಲ ಎನ್ನುವವರು ಒಂದು ಸಲ ಶಿವಮೊಗ್ಗದ ಅಡಿಕೆ ಮಂಡಿಯ ಗುಮಾಸ್ತರ ಪಕ್ಕ ಕೂತು ನೋಡಬೇಕು. ಅವರು ಕಂಪ್ಯೂಟರಿನ ಲೆಕ್ಕದ ಪುಟದಲ್ಲಿ ಹುಡುಕುವ ಡಬ್ಬಿಯಲ್ಲಿ "ಮಂಜಪ್ಪ" ಅಂತ ಹೊಡೆಯುತ್ತಾರೆ. ಸಾಗರದ ಕಡೆಯ ಮಂಜಪ್ಪ, ಹೊಸನಗರದ ಮಂಜಪ್ಪ, ತೀರ್ಥಹಳ್ಳಿಯ ಇಬ್ಬರು ಮಂಜಪ್ಪ, ಎಲ್ಲರ ಲಾಟುಗಳೂ ಕಲಸಿಕೊಂಡು ಬರುತ್ತವೆ. ಅವರಿಗೆ ಬೇಕಾದದ್ದು ಇಷ್ಟೇ: ಮೊನ್ನೆ ಮೊನ್ನೆ ಅಡಿಕೆ ತಂದ ಮಂಜಪ್ಪ ಮೇಲೆ ಬರಬೇಕು, ಅವನ ಲೆಕ್ಕವೆಲ್ಲ ಒಂದೇ ಕಡೆ ಇರಬೇಕು, ಒಳಗೆ ಹೊಸ ತಾರೀಕು ಮೊದಲು, ಒಂದೇ ದಿನ ನಾಲ್ಕು ತರಹದ ಮಾಲು ಬಂದಿದ್ದರೆ ಸರಕು, ಬೆಟ್ಟೆ, ರಾಶಿ, ಗೊರಬಲು ಈ ಸರದಿಯಲ್ಲೇ ಇರಬೇಕು. ಕೆಳಗೆ ತೂಕ ಮತ್ತು ಹಣದ ಮೊತ್ತ. ಕೇಳೋಕೆ ಸುಲಭ, ಅಲ್ವಾ?

ಪಿಎಚ್‌ಪಿ (ವೆಬ್ ಪುಟ ಕಟ್ಟುವ ಭಾಷೆ), ಮೈಎಸ್‌ಕ್ಯುಎಲ್ (ಡೇಟಾಬೇಸ್) ಎರಡರಲ್ಲೂ ಕೈಯಾಡಿಸಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಾಯಿನ್ ಅಂದರೇನು, ಇಂಡೆಕ್ಸ್ ಅಂದರೇನು ಅಂತ ವಿವರಿಸುವುದಿಲ್ಲ.

ಮಂಡಿಗೆ ಈ ಹುಡುಕುವ ಪುಟ ಮಾಡಿಕೊಡಲು ಮಾತಾಡಿದ್ದು ಹದಿನೆಂಟು ಸಾವಿರ ಚಿಲ್ಲರೆ. ಅರ್ಧ ಮುಂಗಡ, ಅರ್ಧ ಕೆಲಸ ಮುಗಿದ ಮೇಲೆ. ಹೋಸ್ಟಿಂಗ್ ಮಂಡಿಯವರದೇ, ವರ್ಷಕ್ಕೆ ಮೂರು ಸಾವಿರದ ಸಾಧಾರಣ ಹಂಚಿಕೆಯ ಜಾಗ. ಬೆಂಗಳೂರಿನ ಗೆಳೆಯರಿಗೆ ಫೋನ್ ಮಾಡಿ ಹೇಳಿದಾಗ ನಕ್ಕರು. ಒಬ್ಬ, ಹುಡುಕುವುದಕ್ಕೆಂದೇ ಇರುವ ಎಲಾಸ್ಟಿಕ್‌ಸರ್ಚ್ ತಂತ್ರಾಂಶ ಹಾಕು ಅಂದ. ಅದಕ್ಕೆ ಬೇಕಾದ ಸರ್ವರ್ ಬಾಡಿಗೆ ತಿಂಗಳಿಗೇ ಎರಡು ಸಾವಿರ ದಾಟುತ್ತದೆ, ಕೊಡುವವರು ಯಾರು? ಇನ್ನೊಬ್ಬ, ಎಲ್ಲ ಸಾಲುಗಳನ್ನೂ ಬ್ರೌಸರಿಗೆ ಕಳಿಸಿಬಿಡು, ಜಾವಾಸ್ಕ್ರಿಪ್ಟಿನಲ್ಲೇ ಗುಂಪು ಮಾಡು ಅಂದ. ಇದನ್ನು ಮಾಡಿಯೂ ನೋಡಿದೆ. ಟೇಬಲ್‌ನಲ್ಲಿ ಇರುವುದು ಸುಮಾರು ಒಂದೂಕಾಲು ಲಕ್ಷ ಸಾಲು. ಜೇಸನ್ ಮಾಡಿದರೆ ಇಪ್ಪತ್ತು ಎಂಬಿಗೆ ಹತ್ತಿರ. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿ ಶಾಖೆಯಿಂದ ಈ ಪುಟ ತೆರೆಯಲು ಹೋದವರು ಕಾಫಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇತ್ತು. ಮಂಡಿಯ ಯಜಮಾನರು ಕೇಳಿದ್ದು ಒಂದೇ ಮಾತು: "ನಮ್ಮ ಹಳೇ ಖಾತೆ ಪುಸ್ತಕವೇ ಇದಕ್ಕಿಂತ ಬೇಗ ಸಿಗ್ತದಲ್ಲ ಮಾರಾಯ್ರೇ?"

ಡೇಟಾಬೇಸ್‌ನ ಗ್ರೂಪ್ ಬೈ ಈ ಕೆಲಸಕ್ಕೆ ಅಲ್ಲ, ಅಷ್ಟೇ. ಅದು ಗುಂಪಿಗೆ ಒಂದು ಸಾಲು ಕೊಡುತ್ತದೆ. ನಮಗೆ ಗುಂಪಿನ ಒಳಗಿನ ಎಲ್ಲ ಸಾಲುಗಳೂ ಬೇಕು. ಇದು ಗೊತ್ತಿದ್ದೂ ಜನ ಗ್ರೂಪ್ ಕನ್‌ಕ್ಯಾಟ್‌ಗೆ ಕೈ ಹಾಕುತ್ತಾರೆ. ಮಂಡಿಗೆ ನನಗಿಂತ ಮೊದಲು ಪುಟ ಮಾಡಿಕೊಟ್ಟವರೂ ಅದನ್ನೇ ಮಾಡಿದ್ದರು. ಒಬ್ಬ ಬೆಳೆಗಾರನ ಎಲ್ಲ ಲಾಟುಗಳನ್ನು ಒಂದೇ ದಾರವಾಗಿ ಪೋಣಿಸಿ, ಆಮೇಲೆ ಪಿಎಚ್‌ಪಿಯಲ್ಲಿ ಒಡೆಯುವುದು. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡುವಾಗ ಚೆನ್ನಾಗಿಯೇ ಇರುತ್ತದೆ. ಕನ್ನಡ ಹಾಕಿದ ಕೂಡಲೇ ಕೊನೆಯ ಲಾಟುಗಳು ಮಾಯ, ಕೊನೆಯ ಅಕ್ಷರದ ಜಾಗದಲ್ಲಿ ಪ್ರಶ್ನೆ ಗುರುತು. ಕಾರಣ ಏನೆಂದರೆ ಮೈಎಸ್‌ಕ್ಯುಎಲ್‌ನಲ್ಲಿ ಆ ದಾರದ ಮಿತಿ ಸುಮ್ನೆ ಬಿಟ್ಟರೆ 1024 ಬೈಟು. ಯುಟಿಎಫ್-8ನಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಇಡುವ ಕ್ರಮ) ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟು. ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಸಂಕೇತ. "ತೀರ್ಥಹಳ್ಳಿ" ಅನ್ನುವ ಒಂದು ಊರಿನ ಹೆಸರಿಗೇ 30 ಬೈಟು ಆಗುತ್ತದೆ, ಎಣಿಸಿ ನೋಡಿ. ಮಿತಿ ಏರಿಸಬಹುದು, ಆದರೆ ಎಷ್ಟಕ್ಕೆ ಅಂತ ಏರಿಸುವುದು? ಬಿಟ್ಟುಬಿಟ್ಟೆ.

ನನ್ನ ದಾರಿ ಹಳೆಯದು. ಸರದಿ ಮಾಡುವ ಕೆಲಸ ಪೂರ್ತಿ ಡೇಟಾಬೇಸ್‌ಗೆ, ಗುಂಪು ಒಡೆಯುವ ಕೆಲಸ ಪೂರ್ತಿ ಪಿಎಚ್‌ಪಿ ಲೂಪಿಗೆ. ಸಾಲುಗಳು ಸರಿಯಾದ ಸರದಿಯಲ್ಲಿ ಬಂದರೆ, ಹಿಂದಿನ ಸಾಲಿನ ಬೆಳೆಗಾರನ ಐಡಿಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಈಗಿನದು ಬೇರೆ ಆದ ಕೂಡಲೇ ಹಿಂದಿನವನ ಮೊತ್ತ ಬರೆದು ಹೊಸ ತಲೆಬರಹ ಹಾಕುವುದು. ಲೂಪ್ ಮುಗಿದ ಮೇಲೆ ಇನ್ನೊಂದು ಸಲ ಮೊತ್ತ ಬರೆಯಬೇಕು, ಇಲ್ಲದಿದ್ದರೆ ಕೊನೆಯವನ ಲೆಕ್ಕಕ್ಕೆ ಮೊತ್ತವೇ ಇರುವುದಿಲ್ಲ. ಇದೆಲ್ಲ ನಿಮಗೆ ಗೊತ್ತಿರುವುದೇ.

ಆಟ ಕೆಟ್ಟದ್ದು ಸರದಿಯಲ್ಲಿ. ಗುಂಪುಗಳು ಇತ್ತೀಚಿನ ವ್ಯವಹಾರದ ತಾರೀಕಿನ ಪ್ರಕಾರ ನಿಲ್ಲಬೇಕು. ಅದಕ್ಕೆ ಪ್ರತಿ ಬೆಳೆಗಾರನ ದೊಡ್ಡ ತಾರೀಕನ್ನು ಒಂದು ಒಳ ಕ್ವೆರಿಯಲ್ಲಿ ತೆಗೆದು, ಮೂಲ ಟೇಬಲ್‌ಗೆ ಜಾಯಿನ್ ಮಾಡಿದೆ. ಮೊದಲು ಆ ದೊಡ್ಡ ತಾರೀಕು ಇಳಿಮುಖ, ಆಮೇಲೆ ಲಾಟಿನ ತಾರೀಕು ಇಳಿಮುಖ. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಮುತ್ತಿನ ಹಾಗೆ ಬಂತು. ಮಂಡಿಯಲ್ಲಿ ಹಾಕಿದ ಕೂಡಲೇ ಗುಮಾಸ್ತರು ಕನ್ನಡಕ ಮೇಲೆತ್ತಿ, "ಅಲ್ಲ ತಮ್ಮಾ, ಒಬ್ನೇ ಮಂಜಪ್ಪಂಗೆ ನಾಲ್ಕು ಕಡೆ ಹೆಡ್ಡಿಂಗ್ ಯಾಕೆ?" ಅಂದರು. ವ್ಯಾಪಾರದ ದಿನ ಒಂದೇ ತಾರೀಕಿಗೆ ನಲವತ್ತು ಐವತ್ತು ಜನರ ಲಾಟು ಹೋಗುತ್ತದೆ. ಹಾಗಾಗಿ ಹತ್ತಾರು ಜನರ ದೊಡ್ಡ ತಾರೀಕು ಒಂದೇ. ಇಬ್ಬರ ದೊಡ್ಡ ತಾರೀಕು ಸಮ ಆದಾಗ ಒಳಗಿನ ತಾರೀಕಿನ ಸರದಿ ಇಬ್ಬರ ಸಾಲುಗಳನ್ನೂ ಒಂದರೊಳಗೊಂದು ನೇಯ್ದುಬಿಡುತ್ತದೆ. ಮದ್ದು ಒಂದೇ ಪದ: ದೊಡ್ಡ ತಾರೀಕು, ಆಮೇಲೆ ಬೆಳೆಗಾರನ ಐಡಿ, ಆಮೇಲೆ ಲಾಟಿನ ತಾರೀಕು. ನಡುವೆ ಆ ಐಡಿ ಇರಲೇಬೇಕು. ಇದನ್ನು ಮರೆತ ಪುಟಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ದೊಡ್ಡ ದೊಡ್ಡವರದ್ದೂ.

ಮಾಲಿನ ಸರದಿಗೆ ಫೀಲ್ಡ್ ಅನ್ನುವ ಫಂಕ್ಷನ್ ಹಾಕಿದ್ದೆ. ಸರಕು ಒಂದು, ಬೆಟ್ಟೆ ಎರಡು, ರಾಶಿ ಮೂರು, ಗೊರಬಲು ನಾಲ್ಕು. ಒಂದು ಸೀಸನ್ ಚೆನ್ನಾಗಿ ನಡೆಯಿತು. ಆಮೇಲೆ ಮಂಡಿಯವರು ಸಿಪ್ಪೆಗೋಟನ್ನೂ ಬರೆದುಕೊಳ್ಳಲು ಶುರು ಮಾಡಿದರು. ಪಟ್ಟಿಯಲ್ಲಿ ಇಲ್ಲದ ಹೆಸರಿಗೆ ಆ ಫಂಕ್ಷನ್ ಸೊನ್ನೆ ಕೊಡುತ್ತದೆ. ಸೊನ್ನೆ ಒಂದಕ್ಕಿಂತ ಮೊದಲು. ಹೀಗಾಗಿ ಸಿಪ್ಪೆಗೋಟು ಸರಕಿನ ತಲೆ ಮೇಲೆ ಹೋಗಿ ಕೂತಿತು. ಯಜಮಾನರು ನಕ್ಕು, "ರೇಟೂ ಹಂಗೇ ಮೇಲೆ ಹೋಗಿದ್ರೆ ಚೆನ್ನಾಗಿತ್ತು" ಅಂದರು. ಈಗ ಮಾಲುಗಳಿಗೇ ಒಂದು ಸಣ್ಣ ಟೇಬಲ್, ಅದರಲ್ಲಿ ಸರದಿಯ ಅಂಕಿ ಒಂದು ಕಾಲಂ. ಅಂಕಿಗಳನ್ನು ಹತ್ತು, ಇಪ್ಪತ್ತು, ಮೂವತ್ತು ಅಂತ ಬಿಡುಬಿಡಾಗಿ ಕೊಟ್ಟಿದ್ದೇನೆ, ನಡುವೆ ಹೊಸದು ಬಂದರೆ ತೂರಿಸಬಹುದು. ಗುಮಾಸ್ತರೇ ಬದಲಿಸಿಕೊಳ್ಳುತ್ತಾರೆ, ನನಗೆ ಫೋನ್ ಇಲ್ಲ.

ಇನ್ನು ಪುಟ ಹಂಚುವುದು. ಲಿಮಿಟ್ 50 ಅಂತ ಹಾಕಿದರೆ ಐವತ್ತನೇ ಸಾಲಿಗೆ ಕತ್ತರಿ. ಮಂಜಪ್ಪನ ಅರ್ಧ ಲೆಕ್ಕ ಈ ಪುಟ, ಅರ್ಧ ಮುಂದಿನ ಪುಟ, ಎರಡರಲ್ಲೂ ಮೊತ್ತ ತಪ್ಪು. ಹಣದ ವಿಷಯ, ಇದು ನಡೆಯುವುದಿಲ್ಲ. ಉಳಿದ ಒಂಬತ್ತು ಸಾವಿರ ಚಿಲ್ಲರೆ ಇದು ಸರಿಯಾಗುವ ತನಕ ಕೈಗೆ ಬರಲಿಲ್ಲ. ಪುಟವನ್ನು ಸಾಲಿನ ಲೆಕ್ಕದಲ್ಲಿ ಹಂಚಬಾರದು, ಜನರ ಲೆಕ್ಕದಲ್ಲಿ ಹಂಚಬೇಕು. ಮೊದಲ ಕ್ವೆರಿ ಈ ಪುಟಕ್ಕೆ ಬರುವ ಹತ್ತು ಬೆಳೆಗಾರರ ಐಡಿ ಮಾತ್ರ ತರುತ್ತದೆ. ಅಲ್ಲಿ ಗ್ರೂಪ್ ಬೈ ಬೇಕು, ಅದಕ್ಕೆ ಅದು ಹೇಳಿ ಮಾಡಿಸಿದ್ದು. ಎರಡನೇ ಕ್ವೆರಿ ಆ ಹತ್ತು ಜನರ ಎಲ್ಲ ಸಾಲುಗಳನ್ನೂ ತರುತ್ತದೆ. ಎರಡನ್ನೂ ಸೇರಿಸಿ ಇನ್ (ಈ ಪಟ್ಟಿಯಲ್ಲಿ ಇರುವವರು ಮಾತ್ರ ಎನ್ನುವ ಷರತ್ತು) ಒಳಗೆ ಲಿಮಿಟ್ ಹಾಕಿ ಒಂದೇ ಕ್ವೆರಿ ಮಾಡಲು ಹೋದರೆ ಮೈಎಸ್‌ಕ್ಯುಎಲ್ ಆಗುವುದಿಲ್ಲ ಅಂತ ಮುಖಕ್ಕೆ ಹೇಳುತ್ತದೆ. ಎರಡು ಕ್ವೆರಿಯೇ ವಾಸಿ. ಒಂದು ಎಚ್ಚರಿಕೆ: ಇನ್ ಒಳಗೆ ಐಡಿ ಕೊಟ್ಟ ಸರದಿಯಲ್ಲಿ ಸಾಲುಗಳು ಬರುವುದಿಲ್ಲ. ಎರಡನೇ ಕ್ವೆರಿಗೂ ಆರ್ಡರ್ ಬೈ ಬೇಕು. ಅಲ್ಲಿ ಫೀಲ್ಡ್ ಫಂಕ್ಷನ್‌ಗೆ ಆ ಹತ್ತು ಐಡಿಗಳನ್ನೇ ಕೊಟ್ಟರೆ ಆಯಿತು, ಹೊರಗಿನವರು ಬರುವ ಪ್ರಶ್ನೆಯೇ ಇಲ್ಲ.

ಮೊತ್ತಕ್ಕೆ ವಿತ್ ರೋಲಪ್ (ಡೇಟಾಬೇಸೇ ಮೊತ್ತದ ಸಾಲು ಸೇರಿಸುವ ಸೌಲಭ್ಯ) ಯಾಕೆ ಬಳಸಲಿಲ್ಲ ಅಂತ ಕೇಳುತ್ತೀರಿ. ಮೈಎಸ್‌ಕ್ಯುಎಲ್ 8.0.12ಕ್ಕಿಂತ ಹಿಂದೆ ರೋಲಪ್ ಜೊತೆ ಆರ್ಡರ್ ಬೈ ಬಳಸುವ ಹಾಗೇ ಇರಲಿಲ್ಲ. ನಮ್ಮ ಹೋಸ್ಟಿಂಗ್‌ನಲ್ಲಿ ಆಗ ಇದ್ದದ್ದು 5.6. ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ, ಹಣವನ್ನು ಪೈಸೆಯಲ್ಲಿ ಇಟ್ಟು ಪಿಎಚ್‌ಪಿಯಲ್ಲೇ ಕೂಡಿಸುತ್ತೇನೆ. ಫ್ಲೋಟ್ (ಅಂದಾಜಿನ ದಶಮಾಂಶ ಸಂಖ್ಯೆ) ನಂಬಿದರೆ ವರ್ಷದ ಕೊನೆಗೆ ಪೈಸೆ ಜಗಳ ಗ್ಯಾರಂಟಿ.

ಹೋಸ್ಟಿಂಗ್‌ನವರು ಹೇಳದೇ ಕೇಳದೇ ಒಂದು ರಾತ್ರಿ 5.7ಕ್ಕೆ ಏರಿಸಿದರು. ಬೆಳಿಗ್ಗೆ ನಾನು ಬೇರೆ ಗಿರಾಕಿಗಳಿಗೆ ಮಾಡಿದ್ದ ಹಳೆಯ ಪುಟಗಳಿಂದ ಫೋನ್ ಮೇಲೆ ಫೋನ್. ಮಂಡಿಯ ಪುಟ ಮಾತ್ರ ಅಲುಗಲಿಲ್ಲ. 5.7ರಿಂದ ಗ್ರೂಪ್ ಬೈನಲ್ಲಿ ಇಲ್ಲದ ಕಾಲಂ ಅನ್ನು ಸುಮ್ನೆ ಸೆಲೆಕ್ಟ್ ಮಾಡಲು ಬಿಡುವುದಿಲ್ಲ. ನನ್ನ ಗ್ರೂಪ್ ಬೈ ಕ್ವೆರಿ ಸೆಲೆಕ್ಟ್ ಮಾಡುತ್ತಿದ್ದದ್ದು ಐಡಿ ಮತ್ತು ದೊಡ್ಡ ತಾರೀಕು ಮಾತ್ರ. ಆಮೇಲೆ 8.0 ಬಂದಾಗ ಇನ್ನೊಂದು ಸುತ್ತು. ಅಲ್ಲಿಯವರೆಗೆ ಗ್ರೂಪ್ ಬೈ ತಾನಾಗಿಯೇ ಸರದಿಯನ್ನೂ ಮಾಡುತ್ತಿತ್ತು, 8.0ರಲ್ಲಿ ಆ ಉಪಕಾರ ನಿಂತಿತು. ಆರ್ಡರ್ ಬೈ ಬರೆಯದೇ ಅದನ್ನೇ ನಂಬಿಕೊಂಡವರ ಪಟ್ಟಿಗಳೆಲ್ಲ ಚೆಲ್ಲಾಪಿಲ್ಲಿ. ನನ್ನನ್ನು ನೋಡಿ ನಕ್ಕಿದ್ದ ಗೆಳೆಯನೂ ಅವರಲ್ಲಿ ಒಬ್ಬ. ಫೋನ್ ಮಾಡಿದ್ದ, ಹೇಳಿಕೊಟ್ಟೆ.

ವೇಗದ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಶುರುವಿನಲ್ಲಿ ಆರೇಳು ಸೆಕೆಂಡು, ಈಗ ಅರ್ಧ ಸೆಕೆಂಡಿನೊಳಗೆ. ಬೆಳೆಗಾರನ ಐಡಿ ಮತ್ತು ತಾರೀಕು ಸೇರಿಸಿದ ಒಂದೇ ಇಂಡೆಕ್ಸ್ ಮುಕ್ಕಾಲು ಕೆಲಸ ಮಾಡಿತು. ಉಳಿದ ಕಾಲು ಭಾಗ ಹೇಗೆ ಅನ್ನುವುದು ನನ್ನ ಹೊಟ್ಟೆಪಾಡು.

ಕನ್ನಡದ ತೊಂದರೆಯೇ ಬೇರೆ ಅಧ್ಯಾಯ. ಹಳೆಯ ಲೆಕ್ಕವೆಲ್ಲ ನುಡಿ ಅಕ್ಷರದ ಎಕ್ಸೆಲ್ ಫೈಲುಗಳಲ್ಲಿತ್ತು. ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಹಾಕಿದ ಮೇಲೆ ಊರಿನ ಪ್ರಕಾರ ಗುಂಪು ಮಾಡಿದರೆ ಹೊಸನಗರ ಎರಡು ಸಲ ಬರುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಬೈಟು ಬಿಚ್ಚಿ ನೋಡಿದರೆ ಒಂದರಲ್ಲಿ ಹ ಮೇಲೆ ಒ ಸ್ವರದ ಒಂದೇ ಸಂಕೇತ, ಇನ್ನೊಂದರಲ್ಲಿ ಎ ಸ್ವರದ ಚಿಹ್ನೆ, ಅದರ ಬೆನ್ನಿಗೆ ಊ ಸ್ವರದ ಚಿಹ್ನೆ. ಸೊರಬಕ್ಕೂ ಇದೇ ಗತಿ, ತೀರ್ಥಹಳ್ಳಿಯ ದೀರ್ಘಕ್ಕೂ ಇದೇ ಗತಿ. ಪಿಎಚ್‌ಪಿಯ ಇಂಟಲ್ ಎಕ್ಸ್‌ಟೆನ್ಷನ್‌ನಲ್ಲಿ ಇಂಥ ಎರಡು ರೂಪಗಳನ್ನು ಒಂದೇ ಮಾಡುವ ನಾರ್ಮಲೈಸರ್ ಇದೆ, ಡೇಟಾ ಒಳಗೆ ಹೋಗುವಾಗಲೇ ಅದರ ಮೂಲಕ ಹಾಯಿಸಿ. ಹೊರಗೆ ತೋರಿಸುವಾಗ ಮಾಡಿದರೆ ಪ್ರಯೋಜನವಿಲ್ಲ, ಗುಂಪು ಆಗಲೇ ಒಡೆದಿರುತ್ತದೆ. ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕ ಸಂಕೇತಗಳನ್ನು ಹುಡುಕುವ ಕಾಲಂನಿಂದ ಕಿತ್ತು ಹಾಕಿ, ತೋರಿಸುವ ಕಾಲಂನಲ್ಲಿ ಹಾಗೇ ಬಿಡಿ. ಎರಡು ಕಾಲಂ ಇಟ್ಟರೆ ಜಾಗ ಜಾಸ್ತಿ ಅಂತ ಜಿಪುಣತನ ಮಾಡಬೇಡಿ.

ಹೆಗಡೆ, ಹೆಗ್ಡೆ, ಹೆಗ್ಗಡೆ ಯಾವುದು ಹೊಡೆದರೂ ಒಂದೇ ಫಲಿತಾಂಶ ಬರುವ ಹಾಗೆ ಮಾಡಿದ್ದೇನೆ. ಭಟ್, ಭಟ್ಟಕ್ಕೂ ಹಾಗೇ. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಇನ್ನೂ ಎರಡು ಮಂಡಿಗಳ ಜೊತೆ ಮಾತು ನಡೆದಿದೆ.

ನಡುವೆ ಒಂದು ಹುಚ್ಚು ಬಂದು, ಬೆಳೆಗಾರರನ್ನು ಅಕಾರಾದಿಯಾಗಿ ಗುಂಪು ಮಾಡಿ ಮೇಲೆ ಅ, ಕ, ಗ ಅಂತ ಗುಂಡಿಗಳನ್ನು ಇಟ್ಟೆ. ಹೆಸರಿನ ಮೊದಲ ಸಂಕೇತ ತೆಗೆದರೆ ಕೃಷ್ಣಪ್ಪನೂ ಕೇಶವನೂ ಇಬ್ಬರೂ ಕ ಕೆಳಗೇ ಬರುತ್ತಾರೆ, ಅದು ಚೆನ್ನಾಗಿದೆ. ಆದರೆ ಅರ್ಧ ಜನರ ಹೆಸರಿನ ಮುಂದೆ ಶ್ರೀ ಇತ್ತು, ಹೀಗಾಗಿ ಶ ಗುಂಡಿ ಒತ್ತಿದರೆ ಅರ್ಧ ಮಲೆನಾಡೇ ಇಳಿಯುತ್ತಿತ್ತು. ಉಳಿದವರದ್ದು ಎಚ್, ಎಂ, ಕೆ ಅಂತ ಇನಿಶಿಯಲ್ಲು. ಎರಡನ್ನೂ ಕತ್ತರಿಸಿ ಸರಿ ಮಾಡಿದೆ. ಗುಮಾಸ್ತರು ಆ ಗುಂಡಿಗಳನ್ನು ಒಂದು ದಿನವೂ ಮುಟ್ಟಲಿಲ್ಲ. ತೆಗೆದು ಹಾಕಿದೆ.

ಗುಂಪಿನ ಒಳಗೇ ಸಾಲುಗಳನ್ನು ಎಣಿಸಬಲ್ಲ ವಿಂಡೋ ಫಂಕ್ಷನ್‌ಗಳನ್ನೂ ಆಡಿಸಿ ನೋಡಿದೆ, ಮೈಎಸ್‌ಕ್ಯುಎಲ್ 8.0ರಲ್ಲಿ ಬಂದವಲ್ಲ. ಪ್ರತಿ ಬೆಳೆಗಾರನ ಕೊನೆಯ ಮೂರು ಲಾಟು ಮಾತ್ರ ಬೇಕು ಅಂದಾಗ ರೋ ನಂಬರ್ ಜೊತೆ ಪಾರ್ಟಿಷನ್ ಬೈ ಹಾಕುವುದು ನಿಜಕ್ಕೂ ಸೊಗಸು. ಯಜಮಾನರ ಮೊಬೈಲಿನ ಪುಟಕ್ಕೆ ಅದನ್ನೇ ಹಾಕಿದ್ದೇನೆ. ಪಿಎಚ್‌ಪಿಯಲ್ಲಿ ಯುಸಾರ್ಟ್ ಮಾಡಿ ಸರದಿ ತರುವವರು ಒಂದು ನೆನಪಿಡಿ: 8.0ಕ್ಕಿಂತ ಹಳೆಯ ಪಿಎಚ್‌ಪಿಯಲ್ಲಿ ಸಮ ಬಂದ ಸಾಲುಗಳು ಮೊದಲಿದ್ದ ಸರದಿಯಲ್ಲೇ ಉಳಿಯುತ್ತವೆ ಅನ್ನುವ ಭರವಸೆ ಇಲ್ಲ.

ಕೊನೆಗೆ ಕೇಳಿದ್ದು ಪ್ರಿಂಟು. ಒಬ್ಬ ಬೆಳೆಗಾರನ ಲೆಕ್ಕ ಎರಡು ಹಾಳೆಗೆ ಹರಿಯಬಾರದು. ಸಿಎಸ್‌ಎಸ್‌ನಲ್ಲಿ ಬ್ರೇಕ್ ಇನ್‌ಸೈಡ್ ಅವಾಯ್ಡ್ ಹಾಕಿದರೆ ಸಣ್ಣ ಲೆಕ್ಕಗಳಿಗೆ ಸಾಕು. ನಲವತ್ತು ಲಾಟು ದಾಟುವ ದೊಡ್ಡ ಕುಳಗಳಿಗೆ ಹೇಗೂ ಎರಡು ಹಾಳೆ ಬೇಕು, ಅಲ್ಲಿ ಹೆಸರು ಮತ್ತು ಊರನ್ನು ಟೇಬಲ್‌ನ ಟಿಹೆಡ್ (ತಲೆಸಾಲು) ಒಳಗೆ ಇಟ್ಟರೆ ಪ್ರತಿ ಹಾಳೆಯ ಮೇಲೂ ತಾನಾಗಿ ಬರುತ್ತದೆ. ಇದಕ್ಕೆ ಬೇರೆ ಎರಡು ಸಾವಿರ ಕೇಳಿದೆ, ಚೌಕಾಶಿ ಮಾಡದೇ ಕೊಟ್ಟರು.