ಒಂದು ಕಲ್ಲು, ಹತ್ತು ಶಾಸ್ತ್ರ: ಊರಿನ ಶಾಸನವನ್ನು ಅಧ್ಯಯನ ಮಾಡುವ ಬಗೆ

ಹಳಗನ್ನಡ ಬಂದರೆ ಶಾಸನ ಓದಬಹುದು ಎಂದುಕೊಂಡು ಕಲ್ಲಿನ ಮುಂದೆ ಕೂತವರು ಬಹುಮಟ್ಟಿಗೆ ಮೊದಲ ಕೆಲವು ಸಾಲುಗಳಲ್ಲೇ ಸಿಕ್ಕಿಬೀಳುತ್ತಾರೆ. ಅಲ್ಲಿ ತಿಥಿ ಬರುತ್ತದೆ, ಅದಕ್ಕೆ ಪಂಚಾಂಗದ ಗಣಿತ ಬೇಕು. ಮುಂದೆ ಗದ್ದೆಯ ಅಳತೆ ಬರುತ್ತದೆ, ಅದಕ್ಕೆ ಬೇಸಾಯದ ಮತ್ತು ಕಂದಾಯದ ಚರಿತ್ರೆ ಬೇಕು. ಎಲ್ಲೆ ಹೇಳುವಾಗ ಕೆರೆ, ಹಳ್ಳ, ಹುಣಸೆಮರ ಬರುತ್ತವೆ, ಅವಕ್ಕೆ ನಕ್ಷೆ ಬೇಕು. ಅಕ್ಷರ ಎಷ್ಟು ಉಳಿದಿದೆ ಎಂಬುದಂತೂ ಕಲ್ಲಿನ ಜಾತಿಯ ಮೇಲೆ ನಿಂತಿದೆ. ಭಾಷಾಶಾಸ್ತ್ರ, ಭೂವಿಜ್ಞಾನ, ಖಗೋಳ, ಭೂಗೋಳ ಎಲ್ಲವೂ ಒಂದೇ ಕಲ್ಲಿನ ಸುತ್ತ ಸೇರುವ ಕೆಲಸ ಇದು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದಿದೆ: ಒಂದು ಶಾಸ್ತ್ರದ ಊಹೆಯನ್ನು ಇನ್ನೊಂದು ಶಾಸ್ತ್ರಕ್ಕೆ ಆಧಾರವಾಗಿ ಕೊಡಬೇಡಿ. ಲಿಪಿ ನೋಡಿ ‘ಹನ್ನೆರಡನೇ ಶತಮಾನ ಇರಬೇಕು’ ಎನ್ನುವುದು, ಅದಕ್ಕೆ ಹೊಂದುವಂತೆ ಸವೆದ ಶಕವರ್ಷದ ಅಂಕಿಯನ್ನು ಓದುವುದು, ಕೊನೆಗೆ ಆ ಶಕವರ್ಷ ತೋರಿಸಿ ‘ಇದು ಹನ್ನೆರಡನೇ ಶತಮಾನದ ಲಿಪಿಯ ಮಾದರಿ’ ಎಂದು ಬರೆಯುವುದು. ಇಲ್ಲಿ ಯಾವುದೂ ಯಾವುದನ್ನೂ ಸಾಬೀತು ಮಾಡಿಲ್ಲ. ಲಿಪಿ, ತಿಥಿ, ಭಾಷೆ, ಸ್ಥಳ ಇವುಗಳ ಟಿಪ್ಪಣಿಯನ್ನು ಬೇರೆಬೇರೆ ಹಾಳೆಯಲ್ಲಿ ಮುಗಿಸಿ, ಆಮೇಲೆ ಎದುರುಬದುರು ಇಡಿ.

ಕಲ್ಲಿನ ಬಳಿಗೆ ಹೋಗುವ ಮುನ್ನ

ನಿಮಗೆ ‘ಹೊಸದಾಗಿ’ ಸಿಕ್ಕ ಶಾಸನ ನೂರು ವರ್ಷದ ಹಿಂದೆಯೇ ಅಚ್ಚಾಗಿರುವ ಸಾಧ್ಯತೆ ದೊಡ್ಡದು. ಹಳೆಯ ಮೈಸೂರು ಸೀಮೆಗೆ ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ ಮೊದಲ ಮೆಟ್ಟಿಲು. ಕೊಡಗಿನ ಮೊದಲ ಸಂಪುಟ ಬಂದದ್ದು 1886ರಲ್ಲಿ. 2ನೆಯದು ಶ್ರವಣಬೆಳಗೊಳ, 3 ಮತ್ತು 4 ಮೈಸೂರು, 5 ಹಾಸನ, 6 ಕಡೂರು, 7 ಮತ್ತು 8 ಶಿವಮೊಗ್ಗ, 9 ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ಇಲ್ಲಿ ಎಡವುವುದು ಜಿಲ್ಲೆಯ ಹೆಸರಿನಲ್ಲಿ. ಇಂದಿನ ಚಿಕ್ಕಮಗಳೂರು ಅಲ್ಲಿ ಕಡೂರು ಜಿಲ್ಲೆ. ದಾವಣಗೆರೆಯ ಶಾಸನ ಹುಡುಕಬೇಕಾದದ್ದು ಚಿತ್ರದುರ್ಗದ ಸಂಪುಟದಲ್ಲಿ. ಶಾಸನಗಳ ಸಂಖ್ಯೆ ತಾಲ್ಲೂಕುವಾರು ಇರುವುದರಿಂದ ಊರು ಆಗ ಯಾವ ತಾಲ್ಲೂಕಿನಲ್ಲಿತ್ತು ಎಂದೂ ನೋಡಬೇಕು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಕ್ರಮವೇ ಬೇರೆ, ಹಾಗಾಗಿ ಯಾವ ಆವೃತ್ತಿ ಎಂದು ಹೇಳದೆ ಬರೀ ಸಂಖ್ಯೆ ಬರೆದರೆ ಓದುವವರಿಗೆ ಉಪಯೋಗವಿಲ್ಲ. ಧಾರವಾಡ, ವಿಜಯಪುರದ ಕಡೆಯವಾದರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೇ ಸಂಪುಟಗಳನ್ನು ತೆಗೆಯಿರಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನೂ ಬಿಡಬೇಡಿ.

ಶಾಸನ ಮೊದಲೇ ಅಚ್ಚಾಗಿದ್ದರೆ ನಿರಾಶೆ ಬೇಡ. ಆಗ ಓದಿದ ಸಾಲು ಈಗ ಸವೆದಿರಬಹುದು, ಆಗ ಮಣ್ಣಿನಲ್ಲಿ ಹೂತಿದ್ದ ಸಾಲು ಈಗ ಮೇಲೆ ಬಂದಿರಬಹುದು. ಮರು ಓದು ಕೂಡ ಸಂಶೋಧನೆಯೇ.

ಸಂರಕ್ಷಿತ ಸ್ಮಾರಕದಲ್ಲಿರುವ ಕಲ್ಲಾದರೆ ಕೇಂದ್ರದ ಅಥವಾ ರಾಜ್ಯದ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಗುಡಿಯಲ್ಲಿದ್ದರೆ ಅರ್ಚಕರನ್ನೂ ಊರ ಹಿರಿಯರನ್ನೂ ಕೇಳಿ. ಹೊಲದಲ್ಲಿದ್ದರೆ ಹೊಲದವರನ್ನು ಕೇಳಿ, ನಿಧಿ ಹುಡುಕಲು ಬಂದವರಲ್ಲ ಎಂದು ಮೊದಲೇ ಬಿಡಿಸಿ ಹೇಳಿ. ಈ ಮಾತು ಅನುಮತಿ ಪತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಲ್ಲನ್ನು ದಾಖಲಿಸುವುದು

ಮೊದಲು ಜಿಪಿಎಸ್ ಬಿಂದು, ಕಲ್ಲಿನ ಮುಖ ಯಾವ ದಿಕ್ಕಿಗಿದೆ, ಎತ್ತರ, ಅಗಲ, ದಪ್ಪ, ಸಾಲುಗಳ ಸಂಖ್ಯೆ, ಅಕ್ಷರದ ಸರಾಸರಿ ಎತ್ತರ ಇವನ್ನು ಬರೆದುಕೊಳ್ಳಿ. ಹಿಂಬದಿ ಮತ್ತು ಪಕ್ಕಗಳನ್ನೂ ನೋಡಿ. ಬರಹ ಪಕ್ಕಕ್ಕೆ ಮುಂದುವರಿದಿರುವುದುಂಟು.

ನಂತರ ಕಲ್ಲಿನ ಜಾತಿ. ಕೋಲಾರ, ಬೆಂಗಳೂರಿನ ಕಡೆ ಗ್ರಾನೈಟು ಮತ್ತು ನೈಸ್. ಹರಳು ದಪ್ಪ, ಒರಟು, ಹಾಗಾಗಿ ಹರಳು ಉದುರಿದ ಗುಳಿ ಅನುಸ್ವಾರದಂತೆ ಕಾಣುತ್ತದೆ. ಹೊಯ್ಸಳರ ಗುಡಿಗಳ ಬಳಪದ ಕಲ್ಲು ನುಣುಪು, ಅಕ್ಷರ ಚೂಪು, ಆದರೆ ಗೀರು ಬೇಗ ಬೀಳುತ್ತದೆ. ಬಾದಾಮಿಯ ಮರಳುಗಲ್ಲು ನೀರು ಕುಡಿಯುತ್ತದೆ, ಪದರ ಕಳಚುತ್ತದೆ. ಉತ್ತರದ ಕಪ್ಪು ಬಸಾಲ್ಟು ಗಟ್ಟಿ, ಆದರೆ ಅದರಲ್ಲಿ ಸಹಜವಾಗಿಯೇ ಗುಳಿಗಳಿರುತ್ತವೆ. ಸುತ್ತಮುತ್ತ ಸಿಗದ ಜಾತಿಯ ಕಲ್ಲಾಗಿದ್ದರೆ ಅದನ್ನು ಬೇರೆಡೆಯಿಂದ ತಂದಿರಬಹುದು ಎಂದು ಗುರುತು ಹಾಕಿಕೊಳ್ಳಿ. ಶಾಸನದಲ್ಲಿ ಹೇಳಿದ ಊರು ಹತ್ತಿರದಲ್ಲಿ ಸಿಗದಿದ್ದಾಗ ಈ ಗುರುತು ನೆನಪಿಗೆ ಬರುತ್ತದೆ.

ಶುಚಿ ಮಾಡಲು ನೀರು ಮತ್ತು ಮೆತ್ತನೆಯ ನೈಲಾನ್ ಅಥವಾ ನಾರಿನ ಬ್ರಷ್, ಅಷ್ಟೇ. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ ಬೇಡ. ಹಾವಸೆ ಒಣಗಿ ಹಿಡಿದುಕೊಂಡಿದ್ದರೆ ಕೆರೆಯಬೇಡಿ, ಕಲ್ಲಿನ ಮೇಲ್ಪದರವೂ ಜೊತೆಗೇ ಬರುತ್ತದೆ. ಅಕ್ಷರಕ್ಕೆ ಸೀಮೆಸುಣ್ಣ, ಮೈದಾ ಹಿಟ್ಟು, ಅರಿಸಿನ ತುಂಬುವ ಚಾಳಿ ಇನ್ನೂ ಇದೆ. ಅದು ಕಲ್ಲಿಗೆ ಕೆಟ್ಟದ್ದು ಎಂಬುದು ಒಂದು ಮಾತು. ತುಂಬುವವರು ತಾವು ಊಹಿಸಿದ ಅಕ್ಷರವನ್ನೇ ತುಂಬುತ್ತಾರೆ, ಮುಂದೆ ಫೋಟೋ ನೋಡುವವರು ಓದುವುದು ಆ ಊಹೆಯನ್ನು ಎಂಬುದು ಅದಕ್ಕಿಂತ ದೊಡ್ಡ ಮಾತು.

ಫೋಟೋ ತೆಗೆಯಲು ಸಂಜೆಗತ್ತಲು ಒಳ್ಳೆಯದು. ಟಾರ್ಚನ್ನು ಕಲ್ಲಿನ ಮೇಲ್ಮೈಗೆ 10ರಿಂದ 15 ಡಿಗ್ರಿ ಓರೆಯಾಗಿ ಹಿಡಿದರೆ ಸವೆದ ಗೆರೆಗೂ ನೆರಳು ಬೀಳುತ್ತದೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಕೊಟ್ಟು ತೆಗೆಯಿರಿ. ಎಡದ ಬೆಳಕಿನಲ್ಲಿ ಮಾಯವಾದ ಗೆರೆ ಮೇಲಿನ ಬೆಳಕಿನಲ್ಲಿ ಎದ್ದು ಬರುತ್ತದೆ. ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ ಇರಲಿ. ತ್ರಿಮಿತಿ ಮಾದರಿ ಬೇಕಿದ್ದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ಶೇ. 70ರಷ್ಟು ಭಾಗ ಸಮಾನವಾಗಿರುವಂತೆ 80ರಿಂದ 150 ಚಿತ್ರ ತೆಗೆದು ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶಕ್ಕೆ ಕೊಡಿ. ಇದಕ್ಕೆ ಮಾತ್ರ ಓರೆ ಬೆಳಕು ಬೇಡ, ಮೋಡದ ಸಮ ಬೆಳಕು ಬೇಕು. ಚಿತ್ರದಿಂದ ಚಿತ್ರಕ್ಕೆ ನೆರಳು ಸರಿದರೆ ಮಾದರಿ ಕೆಡುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಿನ ಶಾಸನಗಳನ್ನು ತ್ರಿಮಿತಿಯಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದೆ. ಒಳ್ಳೆಯ ದಾಖಲೆ ಹೇಗಿರುತ್ತದೆ ಎಂದು ಅಲ್ಲಿ ನೋಡಬಹುದು.

ಪಡಿಯಚ್ಚು

ಪಡಿಯಚ್ಚು ಅಂದರೆ ಕಲ್ಲಿನ ಬರಹವನ್ನು ಮಸಿಯಿಂದ ಕಾಗದದ ಮೇಲೆ ಎತ್ತಿಕೊಳ್ಳುವುದು. ಫೋಟೋ ಇದ್ದರೂ ಇದರ ಬೆಲೆ ತಗ್ಗಿಲ್ಲ. ಬೇಕಾದವು: ನೆನೆದರೂ ಹರಿಯದ, ಉದ್ದ ನಾರಿನ ಕಾಗದ; ಬಡಿಯಲು ಬಿರುಸು ಕೂದಲಿನ ಹಿಡಿಬ್ರಷ್; ಕಾಡಿಗೆ ಮತ್ತು ಗೋಂದಿನ ಮಸಿ; ಬಟ್ಟೆಯೊಳಗೆ ಹತ್ತಿ ಕಟ್ಟಿದ ಮಸಿಯುಂಡೆ.

ಕಲ್ಲನ್ನು ಒದ್ದೆ ಮಾಡಿ, ನೆನೆದ ಕಾಗದವನ್ನು ಮೇಲಿನಿಂದ ಕೆಳಕ್ಕೆ ಹಾಸಿ. ಒಂದು ಹಾಳೆ ಸಾಲದಿದ್ದರೆ ಎರಡನೆಯದು 5 ಸೆಂ.ಮೀ. ಒಳಬರಲಿ. ನಡುವಿನಿಂದ ಅಂಚಿನ ಕಡೆಗೆ ಬ್ರಷ್‌ನಿಂದ ಬಡಿಯುತ್ತ ಗಾಳಿ ಹೊರಡಿಸಿ, ಕಾಗದ ಅಕ್ಷರದ ತಳಕ್ಕೆ ಇಳಿಯಬೇಕು. ಹರಿದಲ್ಲಿ ಸಣ್ಣ ಒದ್ದೆ ತುಂಡು ಇಟ್ಟು ಬಡಿದರೆ ಕೂಡಿಕೊಳ್ಳುತ್ತದೆ. ಇನ್ನು ಕಾಯುವುದು. ನೀರಿನ ಹೊಳಪು ಹೋಗಿ ತೇವ ಮಾತ್ರ ಉಳಿದಾಗ ಮಸಿಯುಂಡೆಯನ್ನು ಹಗುರವಾಗಿ ತಟ್ಟಿ, ಮಸಿ ತೆಳುವಾಗಿರಲಿ, ಎರಡು ಮೂರು ಸುತ್ತು ಹಾಕಿ. ಅಕ್ಷರ ಬಿಳಿ, ಹಿನ್ನೆಲೆ ಕಪ್ಪು ಬರಬೇಕು. ಬೇಗ ತಟ್ಟಿದರೆ ಮಸಿ ಹರಡಿ ಅಕ್ಷರದೊಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಕಾಗದ ಗುಳಿಯಿಂದ ಎದ್ದು ಅಕ್ಷರವೇ ಮಾಯ. ಬೇಸಿಗೆಯ ಮಧ್ಯಾಹ್ನ ಈ ನಡುವಿನ ಹದ ಸಿಗುವುದೇ ಇಲ್ಲ, ಬೆಳಗ್ಗೆ ಹೊತ್ತು ಏರುವ ಮುನ್ನ ಮುಗಿಸಿ. ಬಿಡಿಸುವ ಮೊದಲು ಊರು, ದಿನಾಂಕ, ಮೇಲ್ಭಾಗ ಯಾವುದು ಎಂದು ಅಂಚಿನಲ್ಲಿ ಬರೆಯಿರಿ. ಮರಳುಗಲ್ಲಿನಂಥ ನೀರು ಕುಡಿಯುವ ಕಲ್ಲಿಗೆ, ಪದರ ಏಳುತ್ತಿರುವ ಕಲ್ಲಿಗೆ ಪಡಿಯಚ್ಚು ಬೇಡವೇ ಬೇಡ. ಕಾಗದ ಹರಿದರೆ ಮಸಿ ಕಲ್ಲಿಗೆ ಇಳಿಯುತ್ತದೆ, ಅದು ಹೋಗುವುದಿಲ್ಲ.

ಓದು: ಕೊನೆಯಿಂದ ಶುರು ಮಾಡಿ

ದಾನಶಾಸನವಾದರೆ ಕೊನೆಯಲ್ಲಿ ಶಾಪದ ಶ್ಲೋಕ ಇರುವುದು ವಾಡಿಕೆ: ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ’ ಎಂದು ಶುರುವಾಗುವುದು. ಪಾಠ ಮೊದಲೇ ಗೊತ್ತಿರುವುದರಿಂದ ಈ ಕೆತ್ತನೆಗಾರ ಸ ಹೇಗೆ ಬರೆಯುತ್ತಾನೆ, ತ್ತದ ಒತ್ತು ಹೇಗೆ, ಹ ಹೇಗೆ ಎಂಬುದು ಒಂದೇ ಕಡೆ ಸಿಗುತ್ತದೆ. ಅದರಿಂದ ಅಕ್ಷರಪಟ್ಟಿ ಮಾಡಿಕೊಂಡು ಆಮೇಲೆ ಮೇಲಕ್ಕೆ ಹೋಗಿ. ಕಲ್ಯಾಣದ ಚಾಲುಕ್ಯರ ಕಾಲದ್ದಾದರೆ ಆರಂಭದ ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ’ ಬಿರುದಾವಳಿಯೂ ಇದೇ ರೀತಿ ನೆರವಾಗುತ್ತದೆ.

ಪ, ವ, ಮ ಅದಲುಬದಲಾಗುವುದು, ದ ಮತ್ತು ಧ ಒಂದೇ ಕಾಣುವುದು ಎಲ್ಲರಿಗೂ ಆಗುವಂಥದ್ದು. ಎ–ಏ, ಒ–ಓ ವ್ಯತ್ಯಾಸವನ್ನು ಶಾಸನಗಳು ಸಾಮಾನ್ಯವಾಗಿ ತೋರಿಸುವುದಿಲ್ಲ, ಅದನ್ನು ಛಂದಸ್ಸು ಮತ್ತು ಅರ್ಥದಿಂದ ತಿಳಿಯಬೇಕು. ಱ, ೞ ಕಂಡರೆ ಇದ್ದಂತೆಯೇ ಬರೆದುಕೊಳ್ಳಿ. ರ, ಳ ಎಂದು ‘ಸರಿಪಡಿಸಿ’ದರೆ ಭಾಷಾಶಾಸ್ತ್ರದವರಿಗೆ ಬೇಕಾದ ಸಾಕ್ಷ್ಯವೇ ಹೋಯಿತು. ಪಾಠಕ್ಕೆ ಸಾಲಿನ ಸಂಖ್ಯೆ ಕೊಡಿ, ಅನುಮಾನದ ಅಕ್ಷರ ಚೌಕ ಕಂಸದಲ್ಲಿ, ನಿಮ್ಮ ತಿದ್ದುಪಡಿ ದುಂಡು ಕಂಸದಲ್ಲಿ, ಓದಲಾಗದ ಪ್ರತಿ ಅಕ್ಷರಕ್ಕೆ ಒಂದು ಚುಕ್ಕೆ.

ಕಾಲ ನಿರ್ಣಯ

ಇಲ್ಲಿ ಸಮಯ ಕೊಡಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಪುಷ್ಯ, ಮಾಘ, ಫಾಲ್ಗುಣದ ತಿಥಿ ಜನವರಿ ದಾಟಿದ್ದರೆ 79. ಅದು ಸರಿಯೇ ಎಂದು ಸಂವತ್ಸರದಿಂದ ಪರೀಕ್ಷಿಸಿ: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆಯಾದರೆ 60ನೆಯದಾದ ಅಕ್ಷಯ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ಕಾಲವನ್ನು ತೆಗೆದುಕೊಳ್ಳಿ: ಶಕ 1039, ಹೇವಿಳಂಬಿ, ಚೈತ್ರ ಶುದ್ಧ ಪಂಚಮಿ. 1039ಕ್ಕೆ 12 ಕೂಡಿದರೆ 1051, ಶೇಷ 31. ಮೂವತ್ತೊಂದನೆಯದು ಹೇವಿಳಂಬಿಯೇ. ಕ್ರಿಸ್ತಶಕ 1117. ಆ ಪಂಚಮಿ ಬೀಳುವುದು ಮಾರ್ಚ್ 10ಕ್ಕೆ. ಆ ದಿನದ ಜೂಲಿಯನ್ ದಿನಸಂಖ್ಯೆ, ಅಂದರೆ ಬಹು ಹಿಂದಿನ ಒಂದು ದಿನದಿಂದ ಎಡೆಬಿಡದೆ ಎಣಿಸಿದ ಕ್ರಮಸಂಖ್ಯೆ, 2129111. ಏಳರಿಂದ ಭಾಗಿಸಿದರೆ ಶೇಷ 5. ಸೋಮವಾರ ಸೊನ್ನೆ ಎಂದು ಎಣಿಸಿದರೆ 5 ಶನಿವಾರ, ಶಾಸನಗಳ ಭಾಷೆಯಲ್ಲಿ ವಡ್ಡವಾರ. ಹೀಗೆ ವರ್ಷ, ಸಂವತ್ಸರ, ತಿಥಿ, ವಾರ ನಾಲ್ಕೂ ಒಂದೇ ದಿನಕ್ಕೆ ಬಂದು ನಿಂತಾಗ ಮಾತ್ರ ‘ದಿನಾಂಕ ಖಚಿತ’ ಎನ್ನಿ.

ಲೆಕ್ಕ ಮಾಡಿದ ಸಂಖ್ಯೆಗಿಂತ ಶಾಸನದ ಸಂವತ್ಸರ ಒಂದು ಹಿಂದೆ ಇದ್ದರೆ ಗಾಬರಿ ಬೇಡ. ಅಲ್ಲಿ ಗತವರ್ಷದ (ಮುಗಿದ ವರ್ಷಗಳ ಎಣಿಕೆ) ಬದಲು ವರ್ತಮಾನ ವರ್ಷ (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಎಣಿಕೆ) ಬಳಸಿದ್ದಾರೆ, 78ರ ಬದಲು 77 ಕೂಡಿಸಿ. ಹತ್ತನೇ ಶತಮಾನದ ಆರಂಭಕ್ಕಿಂತ ಹಿಂದಿನ ಶಾಸನಗಳಲ್ಲಿ ಗುರುಗ್ರಹದ ಚಲನೆಯನ್ನು ಅನುಸರಿಸಿದ ಸಂವತ್ಸರ ಇರಬಹುದು, ಅವಕ್ಕೆ ಈ ಸೂತ್ರ ನಂಬಬೇಡಿ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ ಶುರು ಮಾಡಿದ ಚಾಲುಕ್ಯ ವಿಕ್ರಮ ವರ್ಷ ಕೊಟ್ಟಿದ್ದರೆ 1075 ಕೂಡಿಸಿ. ಮೊದಲ ವರ್ಷ ನಳ ಸಂವತ್ಸರ, 1076–77.

ಕಂಪ್ಯೂಟರಿನಲ್ಲಿ ಒಂದು ಬಲೆ ಇದೆ. 1582ಕ್ಕಿಂತ ಹಿಂದಿನ ದಿನಾಂಕಗಳನ್ನು ಚರಿತ್ರೆಯಲ್ಲಿ ಯುರೋಪಿನ ಹಳೆಯ ಜೂಲಿಯನ್ ಪದ್ಧತಿಯಲ್ಲಿ ಬರೆಯುತ್ತಾರೆ, ಹಲವು ತಂತ್ರಾಂಶಗಳು ಇಂದು ಬಳಕೆಯಲ್ಲಿರುವ ಗ್ರೆಗೋರಿಯನ್ ಎಂದು ಭಾವಿಸಿ ಲೆಕ್ಕ ಹಾಕುತ್ತವೆ. 1100ರ ಮಾರ್ಚಿನಿಂದ 1300ರ ಫೆಬ್ರವರಿಯವರೆಗೆ ಎರಡರ ನಡುವಿನ ಅಂತರ ಸರಿಯಾಗಿ 7 ದಿನ. ಅಂದರೆ ಹೊಯ್ಸಳರ ಕಾಲದ ಬಹುಪಾಲು ದಿನಾಂಕಗಳಲ್ಲಿ ತಪ್ಪು ಪದ್ಧತಿ ಬಳಸಿದರೂ ವಾರ ಸರಿಯಾಗಿಯೇ ಬರುತ್ತದೆ! ತಿಥಿ ನೋಡಿದಾಗ ಮಾತ್ರ ಪಂಚಮಿಯ ಜಾಗದಲ್ಲಿ ಬಹುಳದ ಕೊನೆ ಕಾಣಿಸಿ ತಪ್ಪು ಹೊರಬೀಳುತ್ತದೆ. ವಾರವೊಂದನ್ನೇ ನೋಡಿ ಕೈಬಿಡಬೇಡಿ ಎನ್ನುವುದು ಇದಕ್ಕೇ. ವಿಜಯನಗರದ ಕಾಲಕ್ಕೆ ಅಂತರ 8, 9, 10 ದಿನ ಆಗುವುದರಿಂದ ಅಲ್ಲಿ ವಾರದಲ್ಲೇ ಗೊತ್ತಾಗುತ್ತದೆ.

ಗ್ರಹಣದ ಉಲ್ಲೇಖ ಇದ್ದರೆ ನಾಸಾದ ಗ್ರಹಣ ಪಟ್ಟಿಯಲ್ಲಿ ಹುಡುಕಿ. ಆದರೆ ಆ ಗ್ರಹಣ ನಮ್ಮ ಕಡೆ ಕಾಣಲಿಲ್ಲ ಎಂದ ಮಾತ್ರಕ್ಕೆ ಶಾಸನ ಸುಳ್ಳಲ್ಲ. ಪಂಚಾಂಗದ ಲೆಕ್ಕದ ಮೇಲೂ ದಾನ ಕೊಡುತ್ತಿದ್ದರು. ತಿಥಿ ಒಂದು ದಿನ ಆಚೀಚೆ ಆದರೂ ಹಾಗೆಯೇ. ಕೂಟಶಾಸನ (ನಕಲಿ ಶಾಸನ) ಎಂದು ಹೇಳಲು ಲಿಪಿ, ಭಾಷೆ, ವಂಶಾವಳಿ, ತಿಥಿಗಳಲ್ಲಿ ಎರಡಾದರೂ ಬೇರೆಬೇರೆ ದಾರಿಯಿಂದ ವಿರೋಧಿಸಬೇಕು.

ಕಾಲವೇ ಬರೆದಿಲ್ಲದ ಶಾಸನಕ್ಕೆ ಉಳಿಯುವುದು ಲಿಪಿ ಮಾತ್ರ. ಹಲ್ಮಿಡಿಗೆ ಸುಮಾರು 450 ಎನ್ನುವುದು ಇಂಥ ಅಂದಾಜು. ಬಾದಾಮಿಯ ಬಂಡೆಯ ಮೇಲಿನ ಒಂದನೇ ಪುಲಕೇಶಿಯ ಶಾಸನಕ್ಕೆ ಶಕ 465, ಅಂದರೆ 543, ಎನ್ನುವುದು ಕಲ್ಲೇ ಹೇಳುವ ಮಾತು. ಇವೆರಡನ್ನೂ ಒಂದೇ ಧಾಟಿಯಲ್ಲಿ ಬರೆಯಬಾರದು. ಲಿಪಿಯಿಂದ ಹೇಳುವಾಗ ಐವತ್ತು ನೂರು ವರ್ಷದ ಸಡಿಲ ಬಿಡಿ.

ನೆಲಕ್ಕೆ ಹೊಂದಿಸುವುದು

ಊರಿನ ಹೆಸರು ಗುರುತಿಸುವಾಗ ಪಕಾರ ಹಕಾರವಾದದ್ದನ್ನು ಮರೆಯಬೇಡಿ. ಪೊಸವೂರು ಇಂದಿನ ನಕ್ಷೆಯಲ್ಲಿ ಹೊಸೂರು. ಹೊಸೂರುಗಳು ನೂರಾರು ಇರುವುದರಿಂದ ಹೆಸರೊಂದೇ ಸಾಲದು, ಎಲ್ಲೆಯಲ್ಲಿ ಹೇಳಿದ ಕೆರೆ, ಪಕ್ಕದ ಊರುಗಳೂ ಹೊಂದಬೇಕು. ಕಂದಾಯ ಇಲಾಖೆಯ ಗ್ರಾಮನಕ್ಷೆ ಮತ್ತು ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಎರಡನ್ನೂ ಇಟ್ಟುಕೊಳ್ಳಿ. ಊರು ಅಳಿದಿದ್ದರೂ ಬೇಚಿರಾಕ್ (ಜನವಸತಿ ಇಲ್ಲದ) ಗ್ರಾಮವಾಗಿ ಹೆಸರು ದಾಖಲೆಯಲ್ಲಿ ಉಳಿದಿರುವುದುಂಟು.

ಮತ್ತರು, ಕಂಬ, ಖಂಡುಗ ಎಂಬ ನೆಲದ ಅಳತೆಗಳನ್ನು ಎಕರೆಗೆ ತಿರುಗಿಸಲು ಹೋಗಬೇಡಿ. ಅಳೆಯುವ ಕೋಲಿನ ಉದ್ದವೇ ಸೀಮೆಯಿಂದ ಸೀಮೆಗೆ ಬೇರೆ. ಖಂಡುಗ ಎಂಬುದು ಬಿತ್ತನೆಯ ಬೀಜದ ಲೆಕ್ಕದಿಂದ ಬಂದ ಅಳತೆ, ಗದ್ದೆಗೊಂದು, ಬೆದ್ದಲಿಗೊಂದು. ಗದ್ಯಾಣ, ಪಣ ಎಂಬ ಆಗಿನ ನಾಣ್ಯಗಳನ್ನು ಇಂದಿನ ರೂಪಾಯಿಗೆ ಪರಿವರ್ತಿಸುವುದಂತೂ ವ್ಯರ್ಥ. ಅದೇ ಶಾಸನದಲ್ಲಿ ಎಷ್ಟು ಪಣಕ್ಕೆ ಎಷ್ಟು ಅಕ್ಕಿ, ಎಷ್ಟು ಎಣ್ಣೆ ಎಂದಿದ್ದರೆ ಆ ಅನುಪಾತವನ್ನು ಬರೆಯಿರಿ, ಆರ್ಥಿಕ ಇತಿಹಾಸದವರಿಗೆ ಬೇಕಾದದ್ದು ಅದೇ.

ಎಲ್ಲ ಮುಗಿದ ಮೇಲೆ ಮೂಲ ಫೋಟೋಗಳು, ಪಡಿಯಚ್ಚು, ಪಾಠ, ಲೆಕ್ಕದ ಹಾಳೆ ಇವುಗಳ ಒಂದು ಪ್ರತಿಯನ್ನು ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕೊಡಿ. ಹೊಲದ ಮಧ್ಯೆ ಒಂಟಿಯಾಗಿರುವ ಕಲ್ಲಾದರೆ ಅದರ ನಿಖರ ಜಿಪಿಎಸ್ ಬಿಂದುವನ್ನು ಪ್ರಕಟಿತ ಲೇಖನದಲ್ಲಿ ಹಾಕದೆ ಇಲಾಖೆಗೆ ಕೊಡುವ ಪ್ರತಿಯಲ್ಲಿ ಮಾತ್ರ ಇಡಿ, ನಿಧಿಗಳ್ಳರೂ ಇಂಥ ಲೇಖನಗಳನ್ನು ಓದುತ್ತಾರೆ.