ಏಣಿ ಒರಗುತ್ತದೆ, ಮನುಷ್ಯ ವಾಲುತ್ತಾನೆ

ಏಣಿ ಬಳಸುವವರ ಸುರಕ್ಷತೆಗೆಂದು ಬರೆದ ಎಂಟು ಪುಟದ ಕೈಪಿಡಿಯೊಂದು ಅನುವಾದಕ್ಕೆ ಬಂದಿತ್ತು. ಅದರ ಒಂದೇ ಪುಟದಲ್ಲಿ ‘ಲೀನ್’ ಎಂಬ ಇಂಗ್ಲಿಷ್ ಪದ ಮೂರು ಸಲ ಇತ್ತು. ಏಣಿಯನ್ನು ಗೋಡೆಗೆ ಹೇಗೆ ನಿಲ್ಲಿಸಬೇಕು ಎನ್ನುವಲ್ಲಿ ಒಮ್ಮೆ, ಮೇಲೆ ನಿಂತವನು ಪಕ್ಕಕ್ಕೆ ಏನು ಮಾಡಬಾರದು ಎನ್ನುವಲ್ಲಿ ಇನ್ನೊಮ್ಮೆ, ನೆಲ ಸಮವಿಲ್ಲದಿದ್ದರೆ ಏಣಿಗೆ ಏನಾಗುತ್ತದೆ ಎನ್ನುವಲ್ಲಿ ಮತ್ತೊಮ್ಮೆ. ನಿಘಂಟು ತೆರೆದೆ, ‘ಒರಗು’ ಎಂದಿತ್ತು, ಮೂರು ಕಡೆಯೂ ಅದನ್ನೇ ಕೂರಿಸಿದೆ. ಒಂದು ಇಂಗ್ಲಿಷ್ ಪದಕ್ಕೆ ಕಡೆಯವರೆಗೂ ಒಂದೇ ಕನ್ನಡ ಪದ ಇರಬೇಕು ಎಂಬ ಶಿಸ್ತು ಆಗ ನನ್ನ ತಲೆಯಲ್ಲಿ ಬಲವಾಗಿ ಕುಳಿತಿತ್ತು.

ಕರಡನ್ನು ನಮ್ಮ ಬೀದಿಯ ಎಲೆಕ್ಟ್ರಿಷಿಯನ್‌ಗೆ ಓದಲು ಕೊಟ್ಟೆ. ದಿನವೂ ಏಣಿ ಹತ್ತುವ ಮನುಷ್ಯ. ‘ಏಣಿಯ ಮೇಲೆ ನಿಂತಾಗ ಪಕ್ಕಕ್ಕೆ ಒರಗಬೇಡಿ’ ಎಂಬಲ್ಲಿಗೆ ಬಂದು ನಕ್ಕ. “ಅಲ್ಲಿ ಎಲ್ಲಿ ಒರಗುವುದು ಸಾರ್? ಯಾರಾದರೂ ದಿಂಬು ಇಟ್ಟಿರುತ್ತಾರೆಯೇ?” ಎಂದು ಕೇಳಿದ.

ಹತ್ತು ವರ್ಷ ಅನುವಾದ ಮಾಡಿದ ಮೇಲೂ ನನಗೆ ಹೊಳೆಯದಿದ್ದದ್ದು ಅವನ ಒಂದು ದಿಂಬಿನಿಂದ ಹೊಳೆಯಿತು. ಒರಗಲು ಆಸರೆ ಬೇಕು. ಗೋಡೆ, ಕಂಬ, ದಿಂಬು, ಇನ್ನೊಬ್ಬರ ಹೆಗಲು, ಏನಾದರೂ ಒಂದು. ಆಸರೆ ಇಲ್ಲದೆ ಒಂದು ಕಡೆಗೆ ಹೋದರೆ ಅದು ವಾಲುವುದು. ಸೊಂಟದಿಂದ ಮೇಲಿನ ಮೈಯಷ್ಟೇ ಮುಂದೆ ಹೋದರೆ ಬಾಗುವುದು. ಇಂಗ್ಲಿಷ್ ಈ ಮೂರಕ್ಕೂ ‘ಲೀನ್’ ಎಂದುಬಿಡುತ್ತದೆ, ಭೇದವನ್ನು ಪಕ್ಕದ ಪುಟ್ಟ ಪದಕ್ಕೆ ಒಪ್ಪಿಸುತ್ತದೆ. ‘ಅಗೇನ್ಸ್ಟ್’ ಇದ್ದರೆ ಒರಗು ಅಥವಾ ಆನಿಸು. ‘ಓವರ್’, ‘ಟು ಒನ್ ಸೈಡ್’ ಇದ್ದರೆ ಬಹುಮಟ್ಟಿಗೆ ವಾಲು. ‘ಔಟ್’, ‘ಫಾರ್ವರ್ಡ್’ ಇದ್ದರೆ ಬಾಗು. ಅಂದಿನಿಂದ ನಾನು ‘ಲೀನ್’ ಕಂಡರೆ ಮೊದಲು ಅದನ್ನು ಬಿಟ್ಟು ಅದರ ಬಾಲವನ್ನು ಓದುತ್ತೇನೆ. ‘ಆನ್’ ಬಂದರೆ ಮಾತ್ರ ಎಚ್ಚರ ಬೇಕು. ಗೆಳೆಯನ ಮೇಲೆ ‘ಲೀನ್ ಆನ್’ ಆದರೆ ನೆಚ್ಚಿಕೊಂಡಂತೆ, ಪೊಲೀಸರು ಸಾಕ್ಷಿಯ ಮೇಲೆ ಆದರೆ ಒತ್ತಡ ಹೇರಿದಂತೆ. ಇನ್ನು ಕೊಬ್ಬಿಲ್ಲದ ಮಾಂಸಕ್ಕೆ ಹೇಳುವ ‘ಲೀನ್’ ಬೇರೆಯದೇ ಮೂಲದ ಪದ, ಹಳೆಯ ಇಂಗ್ಲಿಷ್‌ನಲ್ಲಿಯೇ ಇವೆರಡರ ರೂಪ ಬೇರೆ ಬೇರೆ ಇತ್ತು.

‘ಟಿಲ್ಟ್’ ಅಷ್ಟು ಕಾಡಲಿಲ್ಲ, ಏಕೆಂದರೆ ಅದು ನಮ್ಮ ಅಡುಗೆಮನೆಯಲ್ಲಿಯೇ ಇದೆ. ಟಿಲ್ಟಿಂಗ್ ಗ್ರೈಂಡರ್ ಕಂಡವರಿಗೆ ಆ ಪದ ವಿವರಿಸಬೇಕಿಲ್ಲ. ಹಿಟ್ಟು ರುಬ್ಬಿದ ಮೇಲೆ ಡ್ರಮ್ ಒಂದು ಕೀಲಿನ ಮೇಲೆ ಮುಂದಕ್ಕೆ ತಿರುಗುತ್ತದೆ, ಹಿಟ್ಟು ಪಾತ್ರೆಗೆ ಇಳಿಯುತ್ತದೆ, ಡ್ರಮ್ ಮತ್ತೆ ನೆಟ್ಟಗಾಗುತ್ತದೆ. ಇಡೀ ವಸ್ತು ತನ್ನ ಮಟ್ಟದಿಂದ ಒಂದಿಷ್ಟು ಕೋನ ತಿರುಗುವುದೇ ಟಿಲ್ಟ್. ಗ್ರೈಂಡರಿನ ಕೈಪಿಡಿಯಲ್ಲಿ ‘ಡ್ರಮ್ಮನ್ನು ಓರೆಯಾಗಿಸಿ’ ಎಂದು ಬರೆದು ಹೊಡೆದುಹಾಕಿ ‘ಬಗ್ಗಿಸಿ’ ಎಂದು ಬರೆದೆ. ಬಿಂದಿಗೆಯಿಂದ ನೀರು ಬಗ್ಗಿಸುವವರಿಗೆ ಓರೆಯ ಉಪದೇಶ ಏಕೆ? ಮಟ್ಟ ಮೀರಿ ಮಗುಚುವ ಹಂತ ತಲುಪಿದರೆ ಇಂಗ್ಲಿಷ್ ‘ಟಿಪ್’ ಎನ್ನುತ್ತದೆ. ಜಲ್ಲಿ ಸುರಿಯುವ ಟಿಪ್ಪರ್ ಲಾರಿಯ ಹೆಸರು ಅಲ್ಲಿಯದು.

ಭೂಮಿಯ ಅಕ್ಷಕ್ಕೂ ‘ಟಿಲ್ಟ್’ ಎಂದೇ ಹೇಳುತ್ತಾರೆ, ಸುಮಾರು 23.4 ಡಿಗ್ರಿ. ಅದು ‘ಲೀನ್’ ಆಗುವುದಿಲ್ಲ, ಸಾಮಾನ್ಯವಾಗಿ ಕಾಲ ಕೆಳಗೆ ನೆಲ ಇರುವುದಕ್ಕೆ ಆ ಪದ ಸಲ್ಲುತ್ತದೆ. ಪೀಸಾದ ಗೋಪುರಕ್ಕೆ ನೆಲವಿದೆ, ಹಾಗಾಗಿ ಪ್ರವಾಸಿಗರಿಗೆ ಅದು ‘ಲೀನಿಂಗ್ ಟವರ್’. 1990ರಲ್ಲಿ ಅದನ್ನು ಮುಚ್ಚಿ, ಎತ್ತರವಾಗಿದ್ದ ಉತ್ತರದ ಬದಿಯ ಬುಡದಿಂದ ಮಣ್ಣು ತೆಗೆದು, 2001ರಲ್ಲಿ ಮತ್ತೆ ತೆರೆದರು. ಸುಮಾರು ಐದೂವರೆ ಡಿಗ್ರಿ ಇದ್ದ ವಾಲಿಕೆ ನಾಲ್ಕಕ್ಕೆ ಇಳಿಯಿತು. ಈ ಕೆಲಸದ ಬಗ್ಗೆ ಒಂದು ಲೇಖನ ಅನುವಾದಿಸುವಾಗ ಗಮನಿಸಿದೆ: ಅಳತೆಯ ಮಾತು ಬಂದೊಡನೆ ಲೇಖಕರು ‘ಲೀನ್’ ಬಿಟ್ಟು ‘ಟಿಲ್ಟ್’, ‘ಇಂಕ್ಲಿನೇಶನ್’ ಹಿಡಿಯುತ್ತಿದ್ದರು. ಕನ್ನಡದಲ್ಲಿ ಎರಡಕ್ಕೂ ‘ವಾಲಿಕೆ’ ಎಂದೇ ಬರೆದೆ. ಯಾರೂ ತಕರಾರು ತೆಗೆಯಲಿಲ್ಲ.

ನನ್ನನ್ನು ನಿಜವಾಗಿ ಬೆವರಿಳಿಸಿದ್ದು ಹಡಗು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತರು. ನಾನಾಗ ಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿದ್ದೆ. ಹೊಸದಾಗಿ ಸೇರಿದ್ದ ಹುಡುಗ ಸುದ್ದಿಸಂಸ್ಥೆಯ ‘ಲಿಸ್ಟಿಂಗ್’ ಎಂಬ ಪದ ನೋಡಿ, ‘ಹಡಗಿನಲ್ಲಿ ಪಟ್ಟಿ ಮಾಡಲಾಗುತ್ತಿದೆ’ ಎಂದು ಬರೆದುಕೊಟ್ಟ. ಪ್ರಯಾಣಿಕರ ಪಟ್ಟಿ ಇರಬಹುದು ಎಂದುಕೊಂಡು ನಾನೂ ಮುಂದೆ ಓದಿದೆ. ಅರ್ಥ ಅಷ್ಟು ಚೆನ್ನಾಗಿ ಹೊಂದಿಕೊಂಡಿತ್ತು! ಮೂಲದಲ್ಲಿ ಆ ಪದದ ಜೊತೆಗೆ ‘ಬಲಗಡೆಗೆ’ ಎಂದೂ ಇತ್ತು; ಬಲಗಡೆಗೆ ಪಟ್ಟಿ ಮಾಡುವುದು ಹೇಗೆ ಎಂಬ ಪ್ರಶ್ನೆ ಎದ್ದಾಗಲೇ ತಪ್ಪು ಕಂಡದ್ದು. ಹಡಗು ಒಳಗೆ ನೀರು ನುಗ್ಗಿ ಅಥವಾ ಸರಕು ಜರುಗಿ ಒಂದು ಪಕ್ಕಕ್ಕೆ ವಾಲಿ ಹಾಗೆಯೇ ಉಳಿದರೆ ನಾವಿಕರು ‘ಲಿಸ್ಟ್’ ಎನ್ನುತ್ತಾರೆ. ಗಾಳಿಗೋ ತಿರುವಿಗೋ ವಾಲಿ ಮತ್ತೆ ನೆಟ್ಟಗಾಗುವುದು ‘ಹೀಲ್’.

ಇವೆರಡಕ್ಕೂ ಬೇರೆ ಬೇರೆ ಹೆಸರು ನನಗೆ ಕನ್ನಡದಲ್ಲಿ ಸಿಗಲಿಲ್ಲ. ಆದರೆ ಕ್ರಿಯಾಪದದ ರೂಪ ಆ ಕೆಲಸ ಮಾಡಿಕೊಡುತ್ತದೆ. ‘ಹಡಗು ವಾಲಿಕೊಂಡಿದೆ’ ಎಂದರೆ ಲಿಸ್ಟ್, ‘ಗಾಳಿಗೆ ವಾಲಿತು’ ಎಂದರೆ ಹೀಲ್. ‘ಕೊಂಡಿದೆ’ ಎಂಬ ಬಾಲ ಅದು ಹಾಗೆಯೇ ಉಳಿದಿದೆ ಎಂಬ ಭಯವನ್ನೂ ತರುತ್ತದೆ. ಆ ರಾತ್ರಿ ಹಾಗೆಯೇ ಬರೆದೆವು.

‘ಸ್ಲೋಪ್’ ಮೇಲ್ಮೈಗೆ, ‘ಸ್ಲ್ಯಾಂಟ್’ ಗೆರೆಗೆ ಎಂದು ನಾನು ಒರಟಾಗಿ ನೆನಪಿಟ್ಟುಕೊಂಡಿದ್ದೇನೆ. ಬೆಟ್ಟ, ನೆಲ, ಚಾವಣಿಗೆ ಮೊದಲನೆಯದು, ಕೈಬರಹಕ್ಕೆ ಎರಡನೆಯದು. ಇಳಿಜಾರು, ಓರೆ ಎಂದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಬಚ್ಚಲಿನ ನೆಲದಲ್ಲಿ ನೀರು ಹರಿಯಲೆಂದು ಕೊಡುವ ಸ್ಲೋಪಿಗೆ ‘ಇಳಿಜಾರು’ ಎಂದು ಬರೆದರೆ ಗಾರೆಯವರು ಮುಖ ನೋಡುತ್ತಾರೆ. ಅದು ವಾಟ.

ಅಭಿಪ್ರಾಯದ ಓರೆಕೋರೆಗಳು ಬೇರೆ ಲೋಕ. ಒಬ್ಬರ ರಾಜಕೀಯ ‘ಲೀನಿಂಗ್’ ಎಂದರೆ ಒಲವು, ಬೈಗುಳವಲ್ಲ. ವರದಿಗೆ ‘ಸ್ಲ್ಯಾಂಟ್’ ಇದೆ ಎಂದರೆ ಆರೋಪ, ಸತ್ಯವನ್ನು ಒಂದು ಕಡೆಗೆ ತಿರುಚಿದ್ದಾರೆ ಎಂದು. ‘ಟಿಲ್ಟ್’ ನಡುವೆ ನಿಲ್ಲುತ್ತದೆ. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಅಮೆರಿಕದ ನಿಕ್ಸನ್ ಸರ್ಕಾರ ಪಾಕಿಸ್ತಾನದತ್ತ ತೋರಿದ ಪಕ್ಷಪಾತಕ್ಕೆ ಇತಿಹಾಸಕಾರರು ಇಂದಿಗೂ ಬಳಸುವುದು ಇದೇ ಪದವನ್ನು. ಅದನ್ನು ನಾನು ‘ಒಲವು’ ಎಂದು ಬರೆಯಲಾರೆ, ಅಲ್ಲಿ ಪ್ರೀತಿ ಹೆಚ್ಚಾಗಿಬಿಡುತ್ತದೆ. ‘ಪಾಕಿಸ್ತಾನದ ಕಡೆಗೆ ವಾಲಿತ್ತು’ ಎನ್ನುತ್ತೇನೆ.

ಏಣಿಯ ಕೈಪಿಡಿ ಅಚ್ಚಾಗುವಾಗ ಮೂರು ಸಾಲೂ ಬದಲಾಗಿದ್ದವು. ಏಣಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿ, ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ದೂರವಿರಲಿ. ಮೇಲೆ ನಿಂತಾಗ ಪಕ್ಕಕ್ಕೆ ವಾಲಬೇಡಿ. ಏಣಿ ಒಂದು ಬದಿಗೆ ವಾಲಿದ್ದರೆ ಹತ್ತಬೇಡಿ. ಮೂರನೆಯದಕ್ಕೆ ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. “ಸೊಟ್ಟಗೆ ನಿಂತಿದ್ದರೆ ಎಂದು ಬರೆಯಿರಿ” ಎಂದ. ಸೊಟ್ಟ ಎಂದರೆ ಏಣಿಯೇ ಬಾಗಿಹೋಗಿದೆ ಎಂದಾಗುತ್ತದೆ ಎಂದೆ. “ನಿಂತಿದ್ದರೆ ಎಂದು ಹೇಳಿದೆನಲ್ಲ ಸಾರ್” ಎಂದ. ಕೈಪಿಡಿಯಲ್ಲಿ ನನ್ನ ಸಾಲೇ ಇದೆ. ಮೊನ್ನೆ ಮನೆಗೆ ಬಂದಾಗ ಏಣಿಯ ಬುಡಕ್ಕೆ ಹಲಗೆಯ ತುಂಡು ಸೇರಿಸುತ್ತಾ, ನನ್ನ ಮುಖ ನೋಡಿಕೊಂಡೇ, “ಸೊಟ್ಟಗಿದೆ” ಎಂದ.