ಗಲ್ಫ್‌ನಿಂದ ಬಂದ ಹಳೇ ಡಿಸ್ಕ್ ಓಡದಿದ್ದರೆ ಮೊದಲು ಏನು ನೋಡಬೇಕು?

ಪ್ಲೇಯರ್ ಬಿಚ್ಚುವ ಮೊದಲು ಡಿಸ್ಕಿನ ಪೆಟ್ಟಿಗೆ ನೋಡಿ. ಕಂಕನಾಡಿಯ ನನ್ನ ರಿಪೇರಿ ಅಂಗಡಿಗೆ 'ಇದು ಓಡುವುದಿಲ್ಲ ಮಾರಾಯ್ರೆ' ಅಂತ ಬರುವ ಪ್ಲೇಯರ್‌ಗಳಲ್ಲಿ ಎಷ್ಟೋ ಸರಿಯಾಗಿಯೇ ಇರುತ್ತವೆ. ಹಾಕಿದ ಡಿಸ್ಕ್ ಬೇರೆ ಜಾತಿಯದು, ಅಷ್ಟೇ.

ಪೆಟ್ಟಿಗೆ ನೀಲಿಯಾದರೆ ಸಾಮಾನ್ಯವಾಗಿ ಬ್ಲೂ-ರೇ, ಕೆಂಪಾದರೆ ಎಚ್‌ಡಿ ಡಿವಿಡಿ. ಪೆಟ್ಟಿಗೆ ಕಳೆದುಹೋಗಿದ್ದರೆ ಡಿಸ್ಕಿನ ಮೇಲಿನ ಲೋಗೋ ಓದಿ. ಎರಡೂ ಡಿವಿಡಿಯ ನಂತರ ಬಂದ, ಇನ್ನೂ ಸ್ಪಷ್ಟ ಚಿತ್ರದ ಸಿನಿಮಾ ಡಿಸ್ಕುಗಳು. 2006ರಲ್ಲಿ ಪೈಪೋಟಿಗೆ ಬಿದ್ದು ಮಾರುಕಟ್ಟೆಗೆ ಬಂದವು. ಬ್ಲೂ-ರೇ ಕಡೆ ಸೋನಿ, ಪ್ಯಾನಸಾನಿಕ್. ಇನ್ನೊಂದರ ಕಡೆ ತೋಷಿಬಾ, ಎನ್‌ಇಸಿ. 2008ರ ಜನವರಿಯಲ್ಲಿ ಸಿನಿಮಾ ಕಂಪನಿ ವಾರ್ನರ್ ಬ್ಲೂ-ರೇ ಕಡೆ ವಾಲಿತು, ಫೆಬ್ರವರಿಯಲ್ಲಿ ತೋಷಿಬಾ ಎಚ್‌ಡಿ ಡಿವಿಡಿ ಬಿಟ್ಟು ಕೈಚೆಲ್ಲಿತು.

ಎರಡಕ್ಕೂ 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರೇ. ವ್ಯತ್ಯಾಸ ಇರುವುದು ಮಾಹಿತಿ ಎಷ್ಟು ಆಳದಲ್ಲಿದೆ ಎಂಬುದರಲ್ಲಿ. ಎಚ್‌ಡಿ ಡಿವಿಡಿಯಲ್ಲಿ ಅದು ಮಾಮೂಲಿ ಡಿವಿಡಿಯ ಹಾಗೆ 0.6 ಮಿಲಿಮೀಟರ್ ಒಳಗೆ. ಬ್ಲೂ-ರೇಯಲ್ಲಿ ಬರೀ 0.1. ಲೆನ್ಸ್ ಅಷ್ಟು ಹತ್ತಿರ ನೋಡುವುದರಿಂದ ಸಾಲುಗಳನ್ನು ಜಾಸ್ತಿ ಒತ್ತೊತ್ತಾಗಿ ಬರೆಯಬಹುದು. ಅದಕ್ಕೇ ಒಂದು ಪದರದಲ್ಲಿ ಬ್ಲೂ-ರೇಗೆ 25 ಜಿಬಿ, ಎಚ್‌ಡಿ ಡಿವಿಡಿಗೆ 15. ಎರಡು ಪದರವಾದರೆ 50 ಮತ್ತು 30. ಚಿತ್ರ ಯಾವುದರಲ್ಲಿ ಚಂದ ಅಂತ ಜಗಳವಾಡುವುದು ಸುಮ್ನೆ. ಎರಡರಲ್ಲೂ ಚಿತ್ರದ ಸ್ಪಷ್ಟತೆ ಅದೇ 1080ಪಿ, ವಿಡಿಯೊ ಕುಗ್ಗಿಸುವ ವಿಧಾನಗಳೂ ಅವೇ.

ಈ 0.1ರಿಂದಾಗಿ ಒಂದು ಮಾತು ಹೇಳಲೇಬೇಕು. ಗೀರು ಬಿದ್ದ ಡಿವಿಡಿಗೆ ಟೂತ್‌ಪೇಸ್ಟ್ ಉಜ್ಜಿದ ಹಾಗೆ ಬ್ಲೂ-ರೇಗೆ ಉಜ್ಜಬೇಡಿ. ಮೇಲೆ ಗಟ್ಟಿ ಲೇಪನ ಇದೆ ನಿಜ. ಅದು ಸವೆದರೆ ಮತ್ತೆ ಉಳಿಯುವುದು ಏನೂ ಇಲ್ಲ. ನಮ್ಮ ಮಳೆಗಾಲದ ಬೂಸ್ಟು ಹಿಡಿದಿದ್ದರೆ ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತ ತಿರುಗಿಸಬೇಡಿ.

ಬ್ಲೂ-ರೇಯೇ ಆಗಿದ್ದು, ಶುದ್ಧವಾಗಿದ್ದು, ಆದರೂ ಓಡದಿದ್ದರೆ? ಪೆಟ್ಟಿಗೆಯ ಹಿಂದೆ ಎ, ಬಿ, ಸಿ ಯಾವ ಅಕ್ಷರ ಇದೆ ನೋಡಿ. ಡಿಸ್ಕ್ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತದೆ ಅಂತ ಅದು ಹೇಳುತ್ತದೆ. ದುಬೈ, ದೋಹಾ ಎಲ್ಲ 'ಬಿ'. ನಮ್ಮ ಭಾರತ 'ಸಿ'. ಬರೀ 'ಬಿ' ಇರುವ ಡಿಸ್ಕನ್ನು ಇಲ್ಲಿ ಕೊಂಡ ಪ್ಲೇಯರ್ ಒಪ್ಪುವುದಿಲ್ಲ. ಮೂರೂ ಅಕ್ಷರ ಇದ್ದರೆ ಚಿಂತೆ ಇಲ್ಲ. ಬೇರೆ ಪ್ರದೇಶದ ಡಿಸ್ಕ್ ಓಡಿಸಲು ಡಿವಿಡಿ ಪ್ಲೇಯರಿಗೆ ರಿಮೋಟಿನಲ್ಲಿ ಗುಟ್ಟಿನ ನಂಬರ್ ಒತ್ತುತ್ತಿದ್ದೆವು ಅಲ್ವಾ, ಆ ಉಪಾಯ ಇಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹಾಗಾಗಿ ಗಲ್ಫ್‌ನಿಂದ ಸಾಮಾನು ಕಟ್ಟುವಾಗ ಡಿಸ್ಕಿನ ಜೊತೆ ಅಲ್ಲಿನ ಪ್ಲೇಯರನ್ನೂ ತನ್ನಿ. 4ಕೆ ಬ್ಲೂ-ರೇಗೆ ಈ ಕಾಟ ಇಲ್ಲ, ಆದರೆ ಅದಕ್ಕೆ 4ಕೆ ಪ್ಲೇಯರೇ ಬೇಕು.

ಕೆಂಪು ಪೆಟ್ಟಿಗೆಯವರಿಗೆ ಅಕ್ಷರದ ತೊಂದರೆ ಇಲ್ಲ, ಪ್ಲೇಯರೇ ಇಲ್ಲ. ಮಾಮೂಲಿ ಬ್ಲೂ-ರೇ ಪ್ಲೇಯರ್ ಡಿವಿಡಿ ಓದುತ್ತದೆ, ಎಚ್‌ಡಿ ಡಿವಿಡಿ ಓದುವುದಿಲ್ಲ. ಡಿಸ್ಕ್ ಮಗುಚಿ ನೋಡಿ. ಕೆಲವಕ್ಕೆ ಇನ್ನೊಂದು ಬದಿಯಲ್ಲಿ ಮಾಮೂಲಿ ಡಿವಿಡಿ ಇರುತ್ತದೆ. ಇಲ್ಲದಿದ್ದರೆ ಅದೇ ಸಿನಿಮಾದ ಬ್ಲೂ-ರೇ ಹುಡುಕುವುದೇ ಲೇಸು. ಹಟ ಹಿಡಿದು ಸೆಕೆಂಡ್‌ಹ್ಯಾಂಡ್ ತೋಷಿಬಾ ತರಿಸುವವರು ಅದರ ಹಿಂದಿನ ಲೇಬಲ್ ಓದಿ. ಅಮೆರಿಕದ್ದಾದರೆ 120 ವೋಲ್ಟ್ ಎಂದಿರಬಹುದು. ಹಾಗಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್ಗಿಗೆ ಹಾಕಬೇಡಿ.